ಆಂಟಿಬಯಾಟಿಕ್ ಪ್ರತಿರೋಧ ಜೀನ್‌ಗಳು: ದುರ್ಬಲ ರೋಗಿಗಳಲ್ಲಿ ಹೇಗೆ ಹರಡುತ್ತವೆ? ಆರೈಕೆದಾರರು ಏನು ಮಾಡಬಹುದು?

ಕೀಮೋಥೆರಪಿ ಪಡೆಯುತ್ತಿರುವವರು, ಐಸಿಯುನಲ್ಲಿರುವ ಹಿರಿಯರು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು, ಡಯಾಲಿಸಿಸ್ ರೋಗಿಗಳು, ಅಂಗಾಂಗ ಕಸಿ ಮಾಡಿಸಿಕೊಂಡವರು. ಇಂಥವರ ಕಲ್ಚರ್ ವರದಿ ಬಂದಾಗ ವೈದ್ಯರು ಕೆಲವೊಮ್ಮೆ ಹೇಳುತ್ತಾರೆ: "ಈ ಬ್ಯಾಕ್ಟೀರಿಯಾಕ್ಕೆ ಮಾಮೂಲಿ ಆಂಟಿಬಯಾಟಿಕ್‌ಗಳು ಕೆಲಸ ಮಾಡುವುದಿಲ್ಲ." ಆಗ ಮನೆಯವರಿಗೆ ಒಂದು ಪ್ರಶ್ನೆ ಏಳುತ್ತದೆ: "ಆ ಇಂಜೆಕ್ಷನ್ನನ್ನು ಇವರಿಗೆ ಇದುವರೆಗೆ ಕೊಟ್ಟೇ ಇಲ್ಲವಲ್ಲ, ಹಾಗಾದರೆ ಅದು ಕೆಲಸ ಮಾಡದಿರುವುದು ಹೇಗೆ?"

ಬ್ಯಾಕ್ಟೀರಿಯಾಗಳು ಪ್ರತಿರೋಧದ ಜೀನ್‌ಗಳನ್ನು ಒಂದಕ್ಕೊಂದು ಕೊಟ್ಟುಕೊಳ್ಳುತ್ತವೆ ಎಂಬುದೇ ಇದಕ್ಕೆ ಮುಖ್ಯ ಉತ್ತರ. ಅದು ಹೇಗೆ ನಡೆಯುತ್ತದೆ ಮತ್ತು ರೋಗಿಯ ಪಕ್ಕದಲ್ಲಿರುವ ನೀವು ಅದನ್ನು ಎಲ್ಲಿ ತಡೆಯಬಹುದು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಮುಖ್ಯಾಂಶಗಳು

• ಪ್ರತಿರೋಧ ಬೆಳೆಯುವುದು ಬ್ಯಾಕ್ಟೀರಿಯಾದಲ್ಲಿ, ರೋಗಿಯ ದೇಹದಲ್ಲಲ್ಲ.
• ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಬೇರೆ ಜಾತಿಗೂ ಪ್ರತಿರೋಧದ ಜೀನ್ ದಾಟಬಲ್ಲದು. ಇದು ನಡೆಯುವ ದೊಡ್ಡ ಜಾಗ ನಮ್ಮ ಕರುಳು.
• ಇಂಥ ಬ್ಯಾಕ್ಟೀರಿಯಾ ದೇಹದಲ್ಲಿ ಸುಮ್ಮನೆ ನೆಲೆಸಿರುವುದೇ ಬೇರೆ, ಅದರಿಂದ ಸೋಂಕಾಗುವುದೇ ಬೇರೆ. ನೆಲೆಸಿದೆ ಎಂಬ ಒಂದೇ ಕಾರಣಕ್ಕೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ.
• ಕೈ ಸ್ವಚ್ಛತೆ, ಕ್ಯಾತಿಟರ್ ಬೇಗ ತೆಗೆಸುವುದು, ಹಳೆಯ ವರದಿಗಳನ್ನು ಜೊತೆಗಿಟ್ಟುಕೊಳ್ಳುವುದು: ಈ ಮೂರು ಆರೈಕೆದಾರರ ಕೈಯಲ್ಲಿವೆ.
• ಕೀಮೋಥೆರಪಿ ನಡೆಯುತ್ತಿರುವಾಗ ಜ್ವರ ಬಂದರೆ ಕಾಯಬೇಡಿ. ಆಗ ಆಂಟಿಬಯಾಟಿಕ್ ತಡವಾದರೆ ಜೀವಕ್ಕೇ ಅಪಾಯ.

‘ಮೈಗೆ ಔಷಧಿ ಹತ್ತುತ್ತಿಲ್ಲ’ ಎಂಬ ಮಾತು

ಔಷಧಿ ಕೌಂಟರಿನಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು: "ಅವರ ಮೈಗೆ ಆ ಮಾತ್ರೆ ಅಭ್ಯಾಸ ಆಗಿಬಿಟ್ಟಿದೆ, ಇನ್ನೂ ಪವರ್ ಇರೋದು ಕೊಡಿ." ಈ ಗೊಂದಲಕ್ಕೆ ನಮ್ಮ ಪದಗಳೂ ಒಂದಿಷ್ಟು ಕಾರಣ. ‘ರೋಗನಿರೋಧಕ ಶಕ್ತಿ’ ಎಂದರೆ ರೋಗದ ವಿರುದ್ಧ ಹೋರಾಡುವ ನಮ್ಮ ದೇಹದ ಬಲ. ‘ಔಷಧ ನಿರೋಧಕತೆ’ ಎಂದರೆ ಔಷಧದಿಂದ ಸಾಯದೆ ಉಳಿಯುವ ಬ್ಯಾಕ್ಟೀರಿಯಾದ ಬಲ. ಎರಡರಲ್ಲೂ ‘ನಿರೋಧ’ ಇರುವುದರಿಂದ ಎರಡೂ ರೋಗಿಯದೇ ಗುಣ ಎಂದು ತೋರುತ್ತದೆ. ಅದಕ್ಕಾಗಿ ಇಲ್ಲಿ ಎರಡನೆಯದನ್ನು ‘ಪ್ರತಿರೋಧ’ ಎಂದಷ್ಟೇ ಕರೆಯುತ್ತೇನೆ.

ಬ್ಯಾಕ್ಟೀರಿಯಾ ಪ್ರತಿರೋಧ ತೋರುವ ಬಗೆಗಳು ಹಲವು. ಕೆಲವು ಔಷಧವನ್ನೇ ಒಡೆದುಹಾಕುವ ಕಿಣ್ವ ತಯಾರಿಸುತ್ತವೆ. ಕೆಲವು ಒಳಬಂದ ಔಷಧವನ್ನು ಪಂಪ್ ಮಾಡಿ ಹೊರಹಾಕುತ್ತವೆ. ಇನ್ನು ಕೆಲವು ಔಷಧ ಅಂಟಿಕೊಳ್ಳುವ ಜಾಗದ ಆಕಾರವನ್ನೇ ಬದಲಿಸಿಕೊಳ್ಳುತ್ತವೆ. ಇವೆಲ್ಲವನ್ನೂ ಮಾಡುವುದು ಹೇಗೆಂಬ ಸೂಚನೆ ಬ್ಯಾಕ್ಟೀರಿಯಾದ ಜೀನ್‌ಗಳಲ್ಲಿರುತ್ತದೆ.

ಜೀನ್ ದಾಟುವುದು ಹೇಗೆ?

ತಾಯಿ ಬ್ಯಾಕ್ಟೀರಿಯಾ ಎರಡಾಗಿ ಒಡೆದಾಗ ಅದರ ಜೀನ್‌ಗಳು ಮರಿಗಳಿಗೆ ಹೋಗುತ್ತವೆ. ಇದು ಎಲ್ಲ ಜೀವಿಗಳಲ್ಲೂ ಇರುವ ದಾರಿ. ಬ್ಯಾಕ್ಟೀರಿಯಾಗಳಿಗೆ ಇನ್ನೊಂದು ದಾರಿಯೂ ಇದೆ. ಪಕ್ಕದಲ್ಲಿರುವ, ಸಂಬಂಧವೇ ಇಲ್ಲದ ಬ್ಯಾಕ್ಟೀರಿಯಾಕ್ಕೂ ಜೀನ್ ಕೊಡಬಲ್ಲವು. ಇದು ಮುಖ್ಯವಾಗಿ ಮೂರು ರೀತಿ ನಡೆಯುತ್ತದೆ.

1. ನೇರ ಸಂಪರ್ಕ: ಎರಡು ಬ್ಯಾಕ್ಟೀರಿಯಾಗಳು ಅಂಟಿಕೊಂಡು, ಒಂದು ಇನ್ನೊಂದಕ್ಕೆ ‘ಪ್ಲಾಸ್ಮಿಡ್’ ಎಂಬ ಪುಟ್ಟ ಡಿಎನ್‌ಎ ಬಳೆಯ ನಕಲನ್ನು ಕೊಡುತ್ತದೆ. ಆಸ್ಪತ್ರೆಗಳಲ್ಲಿ ಹೆಚ್ಚು ತೊಂದರೆ ಕೊಡುತ್ತಿರುವುದು ಈ ದಾರಿ.
2. ವೈರಸ್ ಮೂಲಕ: ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳು ಒಂದರ ಜೀನನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ.
3. ಹೆಕ್ಕಿಕೊಳ್ಳುವುದು: ಸತ್ತ ಬ್ಯಾಕ್ಟೀರಿಯಾದಿಂದ ಹೊರಬಿದ್ದ ಡಿಎನ್‌ಎ ತುಣುಕನ್ನು ಬದುಕಿರುವ ಬ್ಯಾಕ್ಟೀರಿಯಾ ಒಳಗೆ ಸೇರಿಸಿಕೊಳ್ಳುತ್ತದೆ.

ಪಕ್ಕದ ಮನೆಯಿಂದ ಹೆಪ್ಪು ತರುವುದನ್ನು ನೆನಪಿಸಿಕೊಳ್ಳಿ. ಹೆಪ್ಪು ಕೊಟ್ಟವರ ಮನೆಯಲ್ಲೂ ಮೊಸರು ಉಳಿಯುತ್ತದೆ, ತಂದವರ ಮನೆಯಲ್ಲೂ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರು. ನಾಳೆ ಅವರೂ ಇನ್ನೊಬ್ಬರಿಗೆ ಹೆಪ್ಪು ಕೊಡಬಹುದು. ಪ್ಲಾಸ್ಮಿಡ್ ಹರಡುವುದೂ ಹೀಗೆಯೇ. ಕೊಟ್ಟ ಬ್ಯಾಕ್ಟೀರಿಯಾ ತನ್ನದನ್ನು ಕಳೆದುಕೊಳ್ಳುವುದಿಲ್ಲ, ಪಡೆದದ್ದು ತಾನೂ ಕೊಡುವಂತಾಗುತ್ತದೆ.

ಇದರಲ್ಲಿ ಇನ್ನೊಂದು ತೊಡಕಿದೆ. ಒಂದೇ ಪ್ಲಾಸ್ಮಿಡ್ಡಿನಲ್ಲಿ ನಾಲ್ಕಾರು ಬಗೆಯ ಆಂಟಿಬಯಾಟಿಕ್‌ಗಳ ವಿರುದ್ಧದ ಜೀನ್‌ಗಳು ಒಟ್ಟಿಗೆ ಇರಬಹುದು. ಆದ್ದರಿಂದ ಒಂದೇ ಔಷಧವನ್ನು ಅನಗತ್ಯವಾಗಿ ಬಳಸಿದರೂ, ಆ ಪ್ಲಾಸ್ಮಿಡ್ ಹೊತ್ತ ಬ್ಯಾಕ್ಟೀರಿಯಾಗಳು ಉಳಿದುಕೊಂಡು ಉಳಿದ ಔಷಧಗಳ ವಿರುದ್ಧದ ಪ್ರತಿರೋಧವೂ ಜೊತೆಗೇ ಹೆಚ್ಚುತ್ತದೆ. ರೋಗಿ ಎಂದೂ ತೆಗೆದುಕೊಳ್ಳದ ಔಷಧ ಸೋಲುವುದಕ್ಕೆ ಇದೊಂದು ಕಾರಣ.

ಕರುಳಿನೊಳಗಿನ ವಿನಿಮಯ: ಜಪಾನ್‌ನಿಂದ ದೆಹಲಿಯವರೆಗೆ

1950ರ ದಶಕದಲ್ಲಿ ಜಪಾನ್‌ನ ವೈದ್ಯರು ಆಮಶಂಕೆ ರೋಗಿಗಳಲ್ಲಿ ಒಂದು ವಿಚಿತ್ರ ಕಂಡರು. ಶಿಗೆಲ್ಲಾ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಈ ನಾಲ್ಕಕ್ಕೂ ಒಮ್ಮೆಲೇ ಪ್ರತಿರೋಧ ತೋರುತ್ತಿತ್ತು. ಅದೇ ರೋಗಿಗಳ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾದಲ್ಲೂ ಅದೇ ನಾಲ್ಕು ಔಷಧಗಳಿಗೆ ಪ್ರತಿರೋಧ ಕಂಡುಬಂತು. ಒಂದರಿಂದ ಇನ್ನೊಂದಕ್ಕೆ ಪ್ರತಿರೋಧ ದಾಟುತ್ತದೆ ಎಂಬುದನ್ನು 1959ರಲ್ಲಿ ಒಚಿಯಾಯ್ ಮತ್ತು ಅಕಿಬಾ ನೇತೃತ್ವದ ತಂಡಗಳು ಪ್ರಯೋಗದಿಂದ ತೋರಿಸಿದವು.

ಸುಮಾರು ಅರ್ಧ ಶತಮಾನದ ನಂತರ ಇದೇ ಕಥೆ ಇನ್ನಷ್ಟು ಗಂಭೀರ ರೂಪದಲ್ಲಿ ಕಾಣಿಸಿತು. ಭಾರತದಲ್ಲಿ ಆಸ್ಪತ್ರೆಗೆ ದಾಖಲಾಗಿ ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರ ಮೂತ್ರದಲ್ಲಿ 2008ರಲ್ಲಿ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತು. ಮೆರೊಪೆನೆಮ್, ಇಮಿಪೆನೆಮ್ ಮುಂತಾದ ಕಾರ್ಬಪೆನೆಮ್ ವರ್ಗದ ಔಷಧಗಳನ್ನು ಒಡೆಯುವ ಹೊಸ ಕಿಣ್ವವೊಂದು ಅದರಲ್ಲಿತ್ತು. ಅದಕ್ಕೆ ಎನ್‌ಡಿಎಂ-1 ಎಂದು ಹೆಸರಿಟ್ಟರು. ಹೆಸರಿನಲ್ಲಿರುವ ‘ಎನ್‌ಡಿ’ ಎಂದರೆ ನ್ಯೂಡೆಲ್ಲಿ. ಆ ಹೆಸರಿನ ಬಗ್ಗೆ ಭಾರತದಲ್ಲಿ ಸಾಕಷ್ಟು ಆಕ್ಷೇಪ ಎದ್ದಿತು. ಆದರೆ ರೋಗಿಗಳು ಗಮನಿಸಬೇಕಾದ ಸಂಗತಿ ಬೇರೆ ಇದೆ. ಅದೇ ರೋಗಿಯ ಮಲದಲ್ಲಿದ್ದ ಇ. ಕೋಲೈನಲ್ಲೂ ಇದೇ ಜೀನ್ ಸಿಕ್ಕಿತು. ಜೀನ್ ಅವರ ದೇಹದೊಳಗೇ ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟಿರಬಹುದು ಎಂದು ಸಂಶೋಧಕರು ಬರೆದರು.

2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎನ್‌ಡಿಎಂ-1 ಇರುವ ಬ್ಯಾಕ್ಟೀರಿಯಾಗಳು ಚೆನ್ನೈನಲ್ಲಿ 44, ಹರಿಯಾಣದಲ್ಲಿ 26, ಬ್ರಿಟನ್‌ನಲ್ಲಿ 37, ಭಾರತ ಮತ್ತು ಪಾಕಿಸ್ತಾನದ ಬೇರೆ ಊರುಗಳಲ್ಲಿ 73 ಪತ್ತೆಯಾದವು. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೆಹಲಿಯ ಪರಿಸರದಿಂದ ಸಂಗ್ರಹಿಸಿದ ಮಾದರಿಗಳಲ್ಲಿ, ನಿಂತ ಮತ್ತು ಹರಿಯುವ ಕೊಳಚೆ ನೀರಿನ 171ರಲ್ಲಿ 51ರಲ್ಲೂ, ಕುಡಿಯುವ ನೀರಿನ 50ರಲ್ಲಿ 2ರಲ್ಲೂ ಈ ಜೀನ್ ಇತ್ತು. ಅಂದರೆ ಇದು ಆಸ್ಪತ್ರೆಯ ಗೋಡೆಯೊಳಗೆ ಮಾತ್ರ ಇರುವ ಸಮಸ್ಯೆಯಲ್ಲ. ಸ್ವಸ್ಥರಾದ ನಮ್ಮ ನಿಮ್ಮ ಕರುಳಿನಲ್ಲೂ ಪ್ರತಿರೋಧದ ಜೀನ್‌ಗಳು ಇರಬಹುದು.

ದುರ್ಬಲ ರೋಗಿಗಳಿಗೇ ಏಕೆ ಹೆಚ್ಚು ಅಪಾಯ?

ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬ ಅಂದಾಜಿದೆ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಇವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಅವು ಜಾಗ ಹಿಡಿದು ಕುಳಿತಿರುವುದರಿಂದ ಹೊಸದಾಗಿ ಬಂದ ಕೆಟ್ಟ ಬ್ಯಾಕ್ಟೀರಿಯಾಕ್ಕೆ ತಳವೂರಲು ಎಡೆ ಸಿಗುವುದಿಲ್ಲ. ದುರ್ಬಲ ರೋಗಿಗಳಲ್ಲಿ ಈ ರಕ್ಷಣೆ ಹಲವು ಕಡೆಯಿಂದ ಸಡಿಲವಾಗುತ್ತದೆ.

• ಪದೇ ಪದೇ ಆಂಟಿಬಯಾಟಿಕ್: ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು ಜಾಗ ಖಾಲಿಯಾಗುತ್ತದೆ. ಪ್ರತಿರೋಧ ಇರುವವು ಆ ಜಾಗ ತುಂಬುತ್ತವೆ.
• ಕೀಮೋಥೆರಪಿ: ಬಾಯಿ ಮತ್ತು ಕರುಳಿನ ಒಳಪದರಕ್ಕೆ ಗಾಯವಾಗುತ್ತದೆ, ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳು ಕುಸಿಯುತ್ತವೆ. ಕರುಳಿನಲ್ಲಿದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿದರೆ ತಡೆಯುವವರಿಲ್ಲ.
• ನಳಿಕೆಗಳು: ಮೂತ್ರದ ಕ್ಯಾತಿಟರ್, ಸೆಂಟ್ರಲ್ ಲೈನ್, ವೆಂಟಿಲೇಟರ್ ಟ್ಯೂಬ್‌ಗಳ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯಂಥ ಪದರ ಕಟ್ಟಿಕೊಂಡು ಒತ್ತೊತ್ತಾಗಿ ಬದುಕುತ್ತವೆ. ಒತ್ತೊತ್ತಾಗಿದ್ದಷ್ಟು ಜೀನ್ ವಿನಿಮಯಕ್ಕೆ ಅನುಕೂಲ.
• ನವಜಾತ ಶಿಶುಗಳು: ಕರುಳಿನಲ್ಲಿ ಇನ್ನೂ ಸ್ವಂತ ಬ್ಯಾಕ್ಟೀರಿಯಾ ಸಮೂಹ ಬೆಳೆದಿರುವುದಿಲ್ಲ. ಎನ್‌ಐಸಿಯುನಲ್ಲಿ ಮೊದಲು ಬಂದದ್ದೇ ನೆಲೆಸುತ್ತದೆ.
• ಆಸಿಡಿಟಿ ಮಾತ್ರೆಗಳ ದೀರ್ಘ ಬಳಕೆ: ಪ್ಯಾಂಟೊಪ್ರಜೋಲ್‌ನಂಥ ಔಷಧಗಳು ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತವೆ. ಆಹಾರದೊಂದಿಗೆ ಬಂದ ಬ್ಯಾಕ್ಟೀರಿಯಾ ಬದುಕಿ ಕರುಳು ತಲುಪುವ ಸಾಧ್ಯತೆ ಹೆಚ್ಚುತ್ತದೆ. ಬೇಕಿದ್ದರೆ ತೆಗೆದುಕೊಳ್ಳಲೇಬೇಕು, ಆದರೆ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ.

ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ 13,530 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರಕ್ತದ ಸೋಂಕಿಗೆ ಕಾರಣವಾದ ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಶೇ. 82, ಕ್ಲೆಬ್ಸಿಯೆಲ್ಲಾಗಳಲ್ಲಿ ಶೇ. 54 ಹಲವು ಔಷಧಗಳಿಗೆ ಒಟ್ಟಿಗೆ ಪ್ರತಿರೋಧ ತೋರಿದವು. ಜಗತ್ತಿನಲ್ಲಿ 2019ರ ಒಂದೇ ವರ್ಷ ಪ್ರತಿರೋಧದಿಂದಾಗಿ ನೇರವಾಗಿ ಸತ್ತವರು ಸುಮಾರು 12.7 ಲಕ್ಷ ಎಂದು ಅಂದಾಜಿಸಲಾಗಿದೆ.

ನೆಲೆಸಿರುವುದು ಬೇರೆ, ಸೋಂಕು ಬೇರೆ

ಕ್ಯಾನ್ಸರ್ ಅಥವಾ ಕಸಿ ವಾರ್ಡ್‌ಗೆ ದಾಖಲಾಗುವಾಗ ಕೆಲವು ಆಸ್ಪತ್ರೆಗಳಲ್ಲಿ ಗುದದ್ವಾರದಿಂದ ಸ್ವಾಬ್ ತೆಗೆಯುತ್ತಾರೆ. ಅದರಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಾ ಸಿಕ್ಕರೆ ‘ಕಾಲೊನೈಸೇಶನ್’ ಎಂದು ಬರೆಯುತ್ತಾರೆ. ಅಂದರೆ ಅದು ಅಲ್ಲಿ ನೆಲೆಸಿದೆ, ಸದ್ಯಕ್ಕೆ ತೊಂದರೆ ಮಾಡುತ್ತಿಲ್ಲ. ರೋಗಿಗೆ ಜ್ವರ, ನೋವು ಏನೂ ಇರುವುದಿಲ್ಲ. ಇದನ್ನು ‘ತೊಳೆದುಹಾಕಲು’ ಆಂಟಿಬಯಾಟಿಕ್ ಕೊಡುವುದಿಲ್ಲ. ಕೊಟ್ಟರೆ ಒಳ್ಳೆಯ ಬ್ಯಾಕ್ಟೀರಿಯಾಗಳೇ ಹೆಚ್ಚು ಸಾಯುತ್ತವೆ.

ಹಾಗಿದ್ದರೆ ಸ್ವಾಬ್ ಏಕೆ? ಎರಡು ಕಾರಣ. ಮುಂದೆ ಜ್ವರ ಬಂದರೆ ಯಾವ ಔಷಧದಿಂದ ಶುರುಮಾಡಬೇಕು ಎಂದು ವೈದ್ಯರಿಗೆ ತಿಳಿದಿರುತ್ತದೆ. ಪಕ್ಕದ ಹಾಸಿಗೆಯ ರೋಗಿಗೆ ದಾಟದಂತೆ ನೋಡಿಕೊಳ್ಳಲೂ ಆಗುತ್ತದೆ.

ಅಮೆರಿಕದ ಬೆಥೆಸ್ಡಾದಲ್ಲಿರುವ ಸರ್ಕಾರಿ ಸಂಶೋಧನಾ ಆಸ್ಪತ್ರೆಯಲ್ಲಿ 2011ರಲ್ಲಿ ನಡೆದದ್ದು ಇದಕ್ಕೆ ಉದಾಹರಣೆ. ಪ್ರತಿರೋಧಿ ಕ್ಲೆಬ್ಸಿಯೆಲ್ಲಾ ಇದ್ದ ರೋಗಿಯೊಬ್ಬರನ್ನು ಪ್ರತ್ಯೇಕವಾಗಿಟ್ಟು ಚಿಕಿತ್ಸೆ ಕೊಟ್ಟು ಮನೆಗೆ ಕಳಿಸಿದರು. ಮೂರು ವಾರಗಳ ನಂತರ ಇನ್ನೊಬ್ಬರಲ್ಲಿ ಅದೇ ಬ್ಯಾಕ್ಟೀರಿಯಾ ಕಾಣಿಸಿತು. ನಡುವೆ ಅದು ಲಕ್ಷಣಗಳಿಲ್ಲದ ರೋಗಿಗಳಲ್ಲಿ ಸದ್ದಿಲ್ಲದೆ ದಾಟುತ್ತಿತ್ತು. ಒಟ್ಟು 18 ಮಂದಿಗೆ ಹರಡಿತು. ಅವರಲ್ಲಿ 11 ಮಂದಿ ತೀರಿಕೊಂಡರು, 6 ಸಾವುಗಳಿಗೆ ಈ ಸೋಂಕೇ ಕಾರಣವೆಂದು ನಿರ್ಧರಿಸಲಾಯಿತು. ಸಿಂಕ್‌ನ ಡ್ರೈನ್‌ಗಳಲ್ಲೂ, ಸ್ವಚ್ಛಗೊಳಿಸಿದ ಒಂದು ವೆಂಟಿಲೇಟರ್‌ನಲ್ಲೂ ಬ್ಯಾಕ್ಟೀರಿಯಾ ಸಿಕ್ಕಿತು.

ಹಾಗಾಗಿ ನಿಮ್ಮವರನ್ನು ಬೇರೆ ಕೋಣೆಗೆ ಹಾಕಿದರೆ, ನರ್ಸ್ ಗೌನ್ ತೊಟ್ಟು ಬಂದರೆ ಅದನ್ನು ಅವಮಾನವೆಂದು ಭಾವಿಸಬೇಡಿ. ರೋಗಿಗೂ ಹಾಗೆಯೇ ಬಿಡಿಸಿ ಹೇಳಿ. ಅವರು ಏನೋ ತಪ್ಪು ಮಾಡಿದ್ದಾರೆಂದು ಯಾರೂ ಹೇಳುತ್ತಿಲ್ಲ.

ಕಲ್ಚರ್ ವರದಿ ಓದುವುದು ಹೇಗೆ?

ವರದಿ ಇಂಗ್ಲಿಷಿನಲ್ಲಿರುತ್ತದೆ. ವಾರ್ಡ್‌ನಲ್ಲಿ ಹಿಂದಿ, ಮರಾಠಿ, ತಮಿಳು ಅಥವಾ ತೆಲುಗಿನಲ್ಲಿ ವಿವರಿಸುತ್ತಾರೆ. ಈ ಕೆಲವು ಪದಗಳು ತಿಳಿದಿದ್ದರೆ ಪ್ರಶ್ನೆ ಕೇಳುವುದು ಸುಲಭ.

• ಎಸ್: ಈ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ.
• ಆರ್: ಪ್ರತಿರೋಧವಿದೆ, ಈ ಔಷಧದಿಂದ ಪ್ರಯೋಜನ ನಿರೀಕ್ಷಿಸುವಂತಿಲ್ಲ.
• ಐ: ನಡುವಿನದು. ಹೆಚ್ಚಿನ ಡೋಸ್‌ನಲ್ಲಿ ಕೆಲಸ ಮಾಡಬಹುದು. ವೈದ್ಯರೇ ನಿರ್ಧರಿಸಬೇಕು.
• ಎಂಐಸಿ: ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ. ಎರಡು ಬೇರೆ ಔಷಧಗಳ ಎಂಐಸಿ ಸಂಖ್ಯೆಗಳನ್ನು ಹೋಲಿಸಿ ‘ಕಡಿಮೆ ಇರುವುದೇ ಉತ್ತಮ’ ಎಂದುಕೊಳ್ಳಬೇಡಿ. ಪ್ರತಿ ಔಷಧಕ್ಕೂ ಅಳತೆ ಬೇರೆ.
• ಇಎಸ್‌ಬಿಎಲ್: ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳನ್ನು ಒಡೆಯುವ ಕಿಣ್ವಗಳ ಗುಂಪು.
• ಸಿಆರ್‌ಇ: ಕಾರ್ಬಪೆನೆಮ್ ಔಷಧಗಳಿಗೂ ಬಗ್ಗದ ಕರುಳಿನ ಬ್ಯಾಕ್ಟೀರಿಯಾಗಳು.
• ಎನ್‌ಡಿಎಂ, ಒಎಕ್ಸ್‌ಎ-48, ಕೆಪಿಸಿ: ಕಾರ್ಬಪೆನೆಮ್ ಒಡೆಯುವ ಕಿಣ್ವಗಳ ಹೆಸರುಗಳು.

ಕೊನೆಯ ಸಾಲಿನ ಹೆಸರುಗಳು ಚಿಕಿತ್ಸೆಯನ್ನೇ ಬದಲಿಸುತ್ತವೆ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಎಂಬ ಇಂಜೆಕ್ಷನ್ ಒಎಕ್ಸ್‌ಎ-48 ಅಥವಾ ಕೆಪಿಸಿ ಇದ್ದಾಗ ಕೆಲಸ ಮಾಡಬಲ್ಲದು. ಎನ್‌ಡಿಎಂ ಇದ್ದರೆ ಅದೊಂದೇ ಸಾಲದು, ಜೊತೆಗೆ ಅಜ್ಟ್ರಿಯೊನಾಮ್ ಕೊಡುವುದುಂಟು. ಕೊಲಿಸ್ಟಿನ್ ಅಥವಾ ಪಾಲಿಮಿಕ್ಸಿನ್-ಬಿ ಕೊಡುತ್ತಿದ್ದರೆ ಮೂತ್ರಪಿಂಡದ ಮೇಲೆ ಪರಿಣಾಮವಾಗಬಹುದು. ಕ್ರಿಯಾಟಿನಿನ್ ಪರೀಕ್ಷೆ ಆಗಾಗ ಮಾಡಿಸುವುದು ಅದಕ್ಕಾಗಿಯೇ. ‘ಸೂಪರ್‌ಬಗ್’ ಎಂಬ ಪದ ಕೇಳಿದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಕಿಲ್ಲ. ಸರಿಯಾದ ಔಷಧ ಬೇಗ ಸಿಕ್ಕರೆ ಗುಣವಾಗುವವರು ಅನೇಕರಿದ್ದಾರೆ.

ಆಸ್ಪತ್ರೆಯಲ್ಲಿ ಆರೈಕೆದಾರರು ಮಾಡಬೇಕಾದದ್ದು

• ರೋಗಿಯನ್ನು ಮುಟ್ಟುವ ಮೊದಲು ಮತ್ತು ನಂತರ ಹ್ಯಾಂಡ್‌ರಬ್ ಬಳಸಿ. ರೋಗಿಗೆ ಭೇದಿ ಇದ್ದರೆ ಸೋಪು-ನೀರಿನಿಂದಲೇ ಕೈ ತೊಳೆಯಿರಿ. ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನ ಬೀಜಾಣುಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ.
• ಡಾಕ್ಟರ್ ಅಥವಾ ನರ್ಸ್ ಕೈ ಸ್ವಚ್ಛ ಮಾಡಿಕೊಳ್ಳಲು ಮರೆತರೆ ವಿನಯದಿಂದ ನೆನಪಿಸಿ. ಹಾಗೆ ಕೇಳುವ ಹಕ್ಕು ನಿಮಗಿದೆ.
• "ಕ್ಯಾತಿಟರ್ ಇವತ್ತೂ ಬೇಕೇ? ಸೆಂಟ್ರಲ್ ಲೈನ್ ಇವತ್ತೂ ಬೇಕೇ?" ಎಂದು ಪ್ರತಿದಿನ ಕೇಳಿ.
• ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ.
• ಕೈ ತೊಳೆಯುವ ಸಿಂಕ್‌ಗೆ ಉಳಿದ ಗಂಜಿ, ಹಾಲು, ಜ್ಯೂಸ್ ಸುರಿಯಬೇಡಿ. ಡ್ರೈನ್‌ನಲ್ಲಿರುವ ಬ್ಯಾಕ್ಟೀರಿಯಾಕ್ಕೆ ಅದೇ ಊಟ.
• ಪಕ್ಕದ ಹಾಸಿಗೆಯ ರೋಗಿಗೆ ಸಹಾಯ ಮಾಡಬೇಕಾಗಿ ಬಂದರೆ ಮಾಡಿ, ನಡುವೆ ಕೈ ಸ್ವಚ್ಛ ಮಾಡಿಕೊಳ್ಳಿ.

ಮನೆಯಲ್ಲಿ

ಪ್ರತಿರೋಧಿ ಬ್ಯಾಕ್ಟೀರಿಯಾ ನೆಲೆಸಿರುವವರನ್ನು ಮನೆಯಲ್ಲಿ ದೂರ ಇಡಬೇಕಿಲ್ಲ. ಒಟ್ಟಿಗೆ ಊಟ ಮಾಡಬಹುದು, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. ಶೌಚದ ನಂತರ ಮತ್ತು ಅಡುಗೆಗೆ ಮೊದಲು ಸೋಪಿನಿಂದ ಕೈ ತೊಳೆಯುವುದು ಎಲ್ಲರ ಅಭ್ಯಾಸವಾಗಲಿ. ಡೈಪರ್ ಬದಲಿಸುವಾಗ, ಕ್ಯಾತಿಟರ್ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ. ಗ್ಲೌಸ್ ತೆಗೆದ ಮೇಲೂ ಕೈ ತೊಳೆಯಿರಿ.

ಇದು ಎಷ್ಟು ದಿನ ಇರುತ್ತದೆ? ನೆದರ್ಲ್ಯಾಂಡ್ಸ್‌ನ ಆರೋಗ್ಯವಂತ ಪ್ರವಾಸಿಗರ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಪ್ರವಾಸದಲ್ಲಿ ಇಎಸ್‌ಬಿಎಲ್ ಬ್ಯಾಕ್ಟೀರಿಯಾ ಪಡೆದವರಲ್ಲಿ ಅರ್ಧದಷ್ಟು ಜನರ ಕರುಳಿನಿಂದ ಅದು ಸುಮಾರು 30 ದಿನಗಳಲ್ಲಿ ಮಾಯವಾಯಿತು. ಶೇ. 11ರಷ್ಟು ಜನರಲ್ಲಿ ವರ್ಷದ ನಂತರವೂ ಇತ್ತು. ಪದೇ ಪದೇ ಆಸ್ಪತ್ರೆಗೆ ಹೋಗುವ, ಆಂಟಿಬಯಾಟಿಕ್ ಪಡೆಯುವ ರೋಗಿಗಳಲ್ಲಿ ಇನ್ನೂ ಹೆಚ್ಚು ಕಾಲ ಉಳಿಯಬಹುದು. ಆದ್ದರಿಂದ ಸ್ವಾಬ್ ಮತ್ತು ಕಲ್ಚರ್ ವರದಿಗಳ ಫೋಟೋ ಮೊಬೈಲ್‌ನಲ್ಲಿರಲಿ. ಮುಂಬೈನಲ್ಲಿ ಚಿಕಿತ್ಸೆ ಪಡೆದು ಊರಿಗೆ ಹೋದಾಗ ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ತುರ್ತಾಗಿ ದಾಖಲಾಗಬೇಕಾಗಿ ಬಂದರೆ ಅಲ್ಲಿನ ವೈದ್ಯರಿಗೆ ಮೊದಲು ತೋರಿಸಬೇಕಾದದ್ದು ಇದನ್ನೇ.

ಔಷಧಿ ಅಂಗಡಿಯಲ್ಲಿ

2014ರ ಮಾರ್ಚ್ 1ರಿಂದ ಕೆಲವು ಆಂಟಿಬಯಾಟಿಕ್‌ಗಳು ಶೆಡ್ಯೂಲ್ ಎಚ್‌1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಇವನ್ನು ಕೊಡುವಂತಿಲ್ಲ. ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಬರೆದಿಟ್ಟ ರಿಜಿಸ್ಟರನ್ನು ಅಂಗಡಿಯವರು ಮೂರು ವರ್ಷ ಇಡಬೇಕು. ಔಷಧಿ ಪಟ್ಟಿಯ ಮೇಲಿನ ಕೆಂಪು ಗೆರೆ ಕೂಡ ‘ಚೀಟಿ ಇಲ್ಲದೆ ಬೇಡ’ ಎಂಬ ಎಚ್ಚರಿಕೆ.

ಕಳೆದ ಸಲ ಉಳಿದ ಮಾತ್ರೆಗಳನ್ನು ಈ ಸಲದ ಜ್ವರಕ್ಕೆ ಕೊಡಬೇಡಿ. ಒಬ್ಬರ ಔಷಧಿ ಇನ್ನೊಬ್ಬರಿಗೆ ಬೇಡ. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ನೀವೇ ನಿಲ್ಲಿಸುವುದೂ ಬೇಡ, ‘ಇನ್ನೆರಡು ದಿನ ಇರಲಿ’ ಎಂದು ಮುಂದುವರಿಸುವುದೂ ಬೇಡ. ಹಲವು ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನಗಳ ಕೋರ್ಸ್ ಸಾಕು ಎಂದು ಈಗ ಗೊತ್ತಾಗಿದೆ. ಹಾಗಾಗಿ ಐದೇ ದಿನಕ್ಕೆ ಬರೆದುಕೊಟ್ಟರೆ ಅನುಮಾನಿಸಬೇಕಿಲ್ಲ.

ಸಾಮಾನ್ಯ ಪ್ರಶ್ನೆಗಳು

ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬಂದಿದೆ, ಉರಿ-ಜ್ವರ ಏನೂ ಇಲ್ಲ. ಔಷಧಿ ಬೇಕೇ?
ಸಾಮಾನ್ಯವಾಗಿ ಬೇಡ. ಗರ್ಭಿಣಿಯರು ಮತ್ತು ಮೂತ್ರನಾಳದ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಹೋಗುವವರಲ್ಲಿ ಬೇಕಾಗುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು ತಮ್ಮ ವೈದ್ಯರನ್ನು ಕೇಳಬೇಕು.

ಮೊಸರು, ಪ್ರೊಬಯಾಟಿಕ್ ಕೊಟ್ಟರೆ ಪ್ರತಿರೋಧಿ ಬ್ಯಾಕ್ಟೀರಿಯಾ ಹೋಗುತ್ತದೆಯೇ?
ಹಾಗೆ ಭರವಸೆ ಕೊಡುವಂತಿಲ್ಲ. ಬಿಳಿ ರಕ್ತಕಣ ತೀರಾ ಕಡಿಮೆ ಇರುವವರಿಗೆ ಪ್ರೊಬಯಾಟಿಕ್ ಪುಡಿ, ಕ್ಯಾಪ್ಸೂಲ್‌ಗಳಿಂದಲೇ ಸೋಂಕಾಗಬಹುದು. ವೈದ್ಯರನ್ನು ಕೇಳದೆ ಕೊಡಬೇಡಿ.

ಪ್ರತಿರೋಧ ಹೆಚ್ಚುತ್ತದೆ ಎಂದು ಆಂಟಿಬಯಾಟಿಕ್ ಬೇಡ ಎನ್ನಬಹುದೇ?
ಬೇಡ. ನಿಜವಾದ ಸೋಂಕಿಗೆ ಅದು ಜೀವ ಉಳಿಸುವ ಔಷಧ. ‘ಯಾವ ಸೋಂಕಿಗೆ? ಕಲ್ಚರ್ ಕಳಿಸಿದ್ದೀರಾ? ವರದಿ ಬಂದ ಮೇಲೆ ಔಷಧ ಬದಲಿಸುತ್ತೀರಾ? ಎಷ್ಟು ದಿನ?’ ಈ ನಾಲ್ಕು ಪ್ರಶ್ನೆ ಕೇಳಿ. ಅಷ್ಟು ಸಾಕು.

ಯಾವಾಗ ತಕ್ಷಣ ಆಸ್ಪತ್ರೆಗೆ ಹೋಗಬೇಕು?

• ಕೀಮೋಥೆರಪಿ ಪಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಇದ್ದರೆ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ.
• ಚಳಿ-ನಡುಕ, ಗೊಂದಲದ ಮಾತು, ವೇಗದ ಉಸಿರಾಟ, ಮೂತ್ರ ತೀರಾ ಕಡಿಮೆಯಾಗುವುದು.
• ಶಿಶು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ, ಮೈ ತಣ್ಣಗಾಗಿದ್ದರೆ ಅಥವಾ ಉಸಿರಾಟ ಬದಲಾದರೆ.
• ಸೆಂಟ್ರಲ್ ಲೈನ್ ಅಥವಾ ಡಯಾಲಿಸಿಸ್ ನಳಿಕೆಯ ಸುತ್ತ ಕೆಂಪು, ಕೀವು, ನೋವು ಕಂಡರೆ.

ಹೋಗುವಾಗ ಹಳೆಯ ಕಲ್ಚರ್ ವರದಿ, ಕಳೆದ ಮೂರು ತಿಂಗಳಲ್ಲಿ ಕೊಟ್ಟ ಆಂಟಿಬಯಾಟಿಕ್‌ಗಳ ಪಟ್ಟಿ ಮತ್ತು ಔಷಧ ಅಲರ್ಜಿ ಇದ್ದರೆ ಅದರ ವಿವರ ಜೊತೆಗಿರಲಿ. ಸರಿಯಾದ ಔಷಧವನ್ನು ಮೊದಲ ಗಂಟೆಯಲ್ಲೇ ಆರಿಸಲು ವೈದ್ಯರಿಗೆ ಈ ಮಾಹಿತಿ ನೆರವಾಗುತ್ತದೆ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ರೋಗಿಯ ಚಿಕಿತ್ಸೆಯ ನಿರ್ಧಾರವನ್ನು ಅವರನ್ನು ನೋಡುತ್ತಿರುವ ವೈದ್ಯರೊಂದಿಗೆ ಮಾತಾಡಿಯೇ ತೆಗೆದುಕೊಳ್ಳಿ.